ನಾಲ್ಕು ವಾರದಲ್ಲಿ ಉತ್ತರ ಬಂದರೆ ಸಾಕಾ?

ಇಲ್ಲಿ ಲೈಪ್‌ಜಿಗ್‌ನಲ್ಲಿ ವಯಸ್ಸಾದವರ ಜೊತೆ ಹರಟೆಗೆ ಕೂತರೆ ಹಳೇ ಪೂರ್ವ ಜರ್ಮನಿಯ ವಿಷಯ ಬಂದೇ ಬರುತ್ತದೆ. ಟ್ರಾಬಂಟ್ ಕಾರಿಗೆ ಹತ್ತು ವರ್ಷಕ್ಕೂ ಜಾಸ್ತಿ ಕಾದ ಕತೆ ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ಕುತೂಹಲ ಹುಟ್ಟಿಸಿದ್ದು ಅವರು ಬರೆಯುತ್ತಿದ್ದ ದೂರು ಅರ್ಜಿಗಳು. ‘ಐನ್‌ಗಾಬೆ’ ಅನ್ನುತ್ತಿದ್ದರು. ಮನೆ ಸೋರುತ್ತಿದೆ, ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಒಂದೇ ಕೋಣೆಯಲ್ಲಿದ್ದೇವೆ, ಕಾರಿನ ಬಿಡಿಭಾಗ ಸಿಗುತ್ತಿಲ್ಲ, ಏನು ಬೇಕಾದರೂ ಬರೆಯಬಹುದಿತ್ತು. ನಗರಸಭೆಗೆ, ಆಳುವ ಪಕ್ಷದ ಕಚೇರಿಗೆ, ಬೇಕಿದ್ದರೆ ನೇರ ದೇಶದ ನಾಯಕ ಹೊನೆಕರ್‌ಗೇ. 1975ರ ಕಾನೂನಿನ ಪ್ರಕಾರ ನಾಲ್ಕು ವಾರದೊಳಗೆ ಉತ್ತರ ಕೊಡಬೇಕಿತ್ತು.

‘ಸಾಹೇಬ್ರು ಮೀಟಿಂಗ್‌ಗೆ ಹೋಗಿದ್ದಾರೆ, ನಾಳೆ ಬನ್ನಿ’ ಅನ್ನೋದನ್ನು ಕೇಳಿ ಬೆಳೆದವರಿಗೆ ಇದು ಸ್ವರ್ಗ ಅಲ್ವಾ? ಆದರೆ ‘ಆಗಲ್ಲ’ ಅಂತ ಉತ್ತರ ಬಂದರೆ ಇನ್ನೂ ಮೇಲಿನವರಿಗೆ ಇನ್ನೊಂದು ಅರ್ಜಿ ಬರೆಯಬೇಕು, ಅಷ್ಟೇ. ಆಡಳಿತದ ತೀರ್ಮಾನವನ್ನು ಪ್ರಶ್ನಿಸುವ ಕೋರ್ಟುಗಳನ್ನು 1952ರಲ್ಲೇ ಮುಚ್ಚಿದ್ದರು. ಆ ಬಾಗಿಲು ಮತ್ತೆ ಸ್ವಲ್ಪ ತೆರೆದದ್ದು 1989ರ ಜುಲೈನಲ್ಲಿ. ಬರ್ಲಿನ್ ಗೋಡೆ ಬೀಳಲು ಬರೀ ನಾಲ್ಕು ತಿಂಗಳಿತ್ತು!

ತಮಾಷೆ ಅಂದರೆ, ಕಾರ್ಖಾನೆಯೊಳಗೆ ಹೀಗಿರಲಿಲ್ಲ. ಸಂಬಳ, ಬೋನಸ್, ಶಿಸ್ತು ಕ್ರಮದ ಜಗಳ ಬಂದರೆ ಕೆಲಸಗಾರರೇ ಆರಿಸಿದ ವಿವಾದ ಸಮಿತಿ ಮುಂದೆ ಹೋಗಬಹುದಿತ್ತು. ಜೊತೆಗೆ ದುಡಿಯುವವರೇ ಕೂತು ಕೇಳುತ್ತಿದ್ದರು, ಖರ್ಚಿಲ್ಲ. ತೀರ್ಪು ಒಪ್ಪದಿದ್ದರೆ ಕೋರ್ಟಿಗೂ ಹೋಗಬಹುದು. ಇದು ನನಗೆ ನಿಜಕ್ಕೂ ಇಷ್ಟ. ಅಂದರೆ ಮ್ಯಾನೇಜರ್ ಮೇಲೆ ಕೇಸು ನಡೆಯುತ್ತಿತ್ತು, ಮನೆ ಹಂಚುವ ಸರ್ಕಾರಿ ಕಚೇರಿ ಮೇಲೆ ಮಾತ್ರ ನಡೆಯುತ್ತಿರಲಿಲ್ಲ.

ಹಾಗಾಗಿ ಜನ ಬೇರೆ ದಾರಿ ಹುಡುಕಿಕೊಂಡರು. ಚುನಾವಣೆ ಹತ್ತಿರ ಬಂದಾಗ ‘ಮನೆ ಕೊಡದಿದ್ದರೆ ಮತ ಹಾಕಲ್ಲ’ ಅಂತ ಬರೆಯುತ್ತಿದ್ದರು. ಸರ್ಕಾರದ ಲೆಕ್ಕದಲ್ಲಿ ಮತದಾನ ಶೇ. 98ಕ್ಕಿಂತ ಕೆಳಗಿಳಿಯುವ ಹಾಗಿರಲಿಲ್ಲ. ಕೆಲವರಿಗೆ ಮನೆ ಸಿಕ್ಕಿದ್ದೂ ಉಂಟು.

ಈಗ ಜರ್ಮನಿಯಲ್ಲಿ ಕಚೇರಿಯಿಂದ ‘ಇಲ್ಲ’ ಅನ್ನೋ ಆದೇಶ ಬಂದರೆ ಸಾಮಾನ್ಯವಾಗಿ ಅದರ ಕೊನೆಯಲ್ಲೇ ಬರೆದಿರುತ್ತದೆ: ಒಪ್ಪಿಗೆ ಇಲ್ಲದಿದ್ದರೆ ಒಂದು ತಿಂಗಳೊಳಗೆ ಇಂಥ ಕಡೆ ಆಕ್ಷೇಪಣೆ ಸಲ್ಲಿಸಿ ಅಂತ. ಇಲ್ಲಿನ ಕಚೇರಿಗಳ ನಿಧಾನ, ಕಾಗದದ ಹುಚ್ಚು ಎಲ್ಲವನ್ನೂ ಬೈಯುವ ನಾನು ಆ ಒಂದು ಪ್ಯಾರಾಕ್ಕೆ ಮಾತ್ರ ಕೈ ಮುಗಿಯುತ್ತೇನೆ.

ಕರ್ನಾಟಕದಲ್ಲಿ ಎರಡೂ ಬಗೆ ಇವೆ. ಮುಖ್ಯಮಂತ್ರಿಗಳ ಜನತಾ ದರ್ಶನ ಪೂರ್ವ ಜರ್ಮನಿಯ ಅರ್ಜಿಯ ಜಾತಿಯದು. ದೊಡ್ಡವರ ಮನಸ್ಸು ಕರಗಿದರೆ ಕೆಲಸ ಆಯಿತು. 2011ರ ಸಕಾಲ ಕಾಯ್ದೆ ಬೇರೆ ಬಗೆ. ಅಲ್ಲಿ ಗಡುವು ಇದೆ, ಮೇಲ್ಮನವಿ ಇದೆ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರವೂ ಇದೆ. ಮೊತ್ತ ಜುಜುಬಿ, ನಿಜ. ಆದರೂ ಅದನ್ನು ಯಾರ ಕಾಲಿಗೂ ಬೀಳದೆ ಕೇಳಬಹುದು.

ಊರಲ್ಲಿ ನಮ್ಮ ಚಿಕ್ಕಪ್ಪನ ಅರ್ಜಿಯೊಂದು ಕಾರಣವಿಲ್ಲದೆ ತಿರಸ್ಕಾರವಾಯಿತು. ಮೇಲ್ಮನವಿ ಹಾಕಿ ಅಂದೆ. ‘ಅದಕ್ಕೆಲ್ಲ ಯಾರೋ ಓಡಾಡ್ತಾರೆ? ಎಂಎಲ್‌ಎ ಮನೆಗೆ ಹೋಗಿ ಬರ್ತೀನಿ’ ಅಂದರು. ಹೋದರು, ಕೆಲಸವೂ ಆಯಿತು. ಚಿಕ್ಕಪ್ಪನನ್ನು ದೂರಲ್ಲ, ನಾನಿದ್ದರೂ ಹಾಗೇ ಮಾಡುತ್ತಿದ್ದೆನೇನೋ. ಆದರೆ ಅರ್ಜಿ ತಳ್ಳಿಹಾಕಿದ್ದು ತಪ್ಪು ಅಂತ ಎಲ್ಲೂ ದಾಖಲಾಗಲಿಲ್ಲ. ಎಂಎಲ್‌ಎ ಪರಿಚಯ ಇಲ್ಲದವರ ಅರ್ಜಿಗೆ ಆ ಗುಮಾಸ್ತ ನಾಳೆಯೂ ಅದನ್ನೇ ಮಾಡಬಹುದು.