ಮೀನಿಗೂ ಬೋರ್ಡೋ

ಮಡಿಕೇರಿಯ ಮಳೆಗಾಲದಲ್ಲಿ ಒಂದು ಜೊತೆ ಕಾಲುಚೀಲ ಒಣಗಿಸುವುದೇ ಸಾಹಸ. ನನ್ನ ಮೈದುನ ಹಾಲ್‌ನಲ್ಲಿ ಸಮುದ್ರವನ್ನೇ ಸಾಕಿಕೊಂಡಿದ್ದಾನೆ, ಅಂದರೆ ಕಡಲ ಮೀನುಗಳ ಗಾಜಿನ ತೊಟ್ಟಿ. ಲೀಟರಿಗೆ 35 ಗ್ರಾಂ ಉಪ್ಪು, ಹೀಟರು, ಪಂಪು. ಕರೆಂಟು ಹೋದರೆ ಇನ್‌ವರ್ಟರಿನ ಮೊದಲ ಹಕ್ಕು ಮೀನುಗಳದ್ದು, ಮಿಕ್ಕಿದರೆ ಅತ್ತೆಯವರ ಧಾರಾವಾಹಿಗೆ.

ಈ ಸಲ ಮರ ಬಿದ್ದು ಲೈನ್ ಹೋಯಿತು, ಇನ್‌ವರ್ಟರೂ ಕೈಕೊಟ್ಟಿತು, ಸಮುದ್ರ ತಣ್ಣಗಾಯಿತು. ಅದಕ್ಕೆ ಸ್ವಲ್ಪ ಮುಂಚೆಯಷ್ಟೇ ಮೈದುನ ಹೊಸದೊಂದು ಟ್ಯಾಂಗ್ ಮೀನು ತಂದು, ಪ್ರತ್ಯೇಕ ಇಟ್ಟು ನೋಡದೆ ಸೀದಾ ಒಳಗೆ ಬಿಟ್ಟಿದ್ದ. ಅದು ಕಲ್ಲಿಗೆ ಮೈ ಉಜ್ಜತೊಡಗಿತು. ಟಾರ್ಚು ಹಿಡಿದು ನೋಡಿದರೆ ರೆಕ್ಕೆಯ ಮೇಲೆಲ್ಲ ಉಪ್ಪಿನ ಹರಳು ಉದುರಿಸಿದ ಹಾಗೆ ಬಿಳಿ ಚುಕ್ಕೆ.

“ದೃಷ್ಟಿ ತಾಗಿದೆ” ಎಂದರು ಅತ್ತೆ. ಮೈದುನ “ಕ್ರಿಪ್ಟೋಕ್ಯಾರಿಯಾನ್” ಎಂದ. ಎರಡರಲ್ಲಿ ಅತ್ತೆಯವರದೇ ನನಗೆ ಬೇಗ ಅರ್ಥವಾಯಿತು. ಮೈದುನನದು ಕಡಲ ಮೀನಿಗೆ ಬಿಳಿ ಚುಕ್ಕೆರೋಗ ತರುವ ಪರಾವಲಂಬಿಯ ಹೆಸರಂತೆ. ಚುಕ್ಕೆ ಎಣಿಸಲಾರದಷ್ಟು ಸಣ್ಣದಿದ್ದು, ಮೈಮೇಲೆ ಬಂಗಾರದ ಪುಡಿ ಎರಚಿದಂತಿದ್ದು, ಮೀನು ಏದುಸಿರು ಬಿಡುತ್ತಿದ್ದರೆ ಅದು ವೆಲ್ವೆಟ್ ಎಂಬ ಇನ್ನೂ ಕೆಟ್ಟ ರೋಗವಂತೆ. ನಮ್ಮದು ಹರಳು, ಪುಡಿಯಲ್ಲ ಎಂದು ಮನೆಮಂದಿಯೆಲ್ಲ ಸಮಾಧಾನಪಟ್ಟೆವು.

ಪಕ್ಕದ ಮನೆಯವರು “ಉಪ್ಪು ಹಾಕಿ, ಉದುರಿಹೋಗುತ್ತೆ” ಎಂದರು. ತೋಟದಲ್ಲಿ ಜಿಗಣೆ ಕಚ್ಚಿದರೆ ನಾವು ಮಾಡುವುದೂ ಅದನ್ನೇ. ಆದರೆ ಕಡಲ ಮೀನಿಗೆ ಅಂಟುವ ಈ ಜೀವಿಗಳು ಉಪ್ಪಿನಲ್ಲೇ ಹುಟ್ಟಿ ಬೆಳೆದವು. ಇವುಗಳ ಪೈಕಿ ಫ್ಲೂಕ್ ಎಂಬ ಚಪ್ಪಟೆ ಹುಳಕ್ಕೆ ಉಪ್ಪಿಲ್ಲದ ನೀರೇ ವಿಷ. ತೊಟ್ಟಿಯ ನೀರಿನಷ್ಟೇ ಬಿಸಿಯ, ಅದೇ ಪಿಎಚ್‌ನ ಸಿಹಿನೀರಿನಲ್ಲಿ ಮೀನನ್ನು ಐದು ನಿಮಿಷ ಬಿಟ್ಟರೆ ಹುಳ ಬೆಳ್ಳಗಾಗಿ ಕಳಚಿ ಬೀಳುತ್ತದೆ. ನಮ್ಮ ಚುಕ್ಕೆರೋಗದ ಪರಾವಲಂಬಿ ಮಾತ್ರ ಚರ್ಮದಡಿ ಕೂತಿರುವುದರಿಂದ ಈ ಸ್ನಾನಕ್ಕೆ ಜಗ್ಗುವುದಿಲ್ಲ.

ಅಷ್ಟರಲ್ಲಿ ತೋಟದ ಮೇಸ್ತ್ರಿ ಸಂಬಳದ ಲೆಕ್ಕಕ್ಕೆ ಬಂದರು. ಗಾಜಿಗೆ ಮೂಗು ತಾಗಿಸಿ ನೋಡಿ, “ಅಮ್ಮಾ, ಇದಕ್ಕೆ ಬೋರ್ಡೋ ಹೊಡೀರಿ” ಎಂದರು. ಬೋರ್ಡೋ ಎಂದರೆ ಕಾಫಿ ಗಿಡಕ್ಕೆ ಹೊಡೆಯುವ ರೋಗದ ಮದ್ದು. ನಾವೆಲ್ಲ ನಕ್ಕೆವು. ಮೈದುನ ನಗಲಿಲ್ಲ. ಈ ರೋಗಕ್ಕೆ ನಿಜವಾದ ಮದ್ದು ತಾಮ್ರವೇ, ಅಂದರೆ ಕಾಫಿ ಗಿಡಕ್ಕೆ ಸುಣ್ಣದ ಜೊತೆ ಕಲಸಿ ಹೊಡೆಯುವ ಅದೇ ಮೈಲುತುತ್ತ! ವ್ಯತ್ಯಾಸ ಪ್ರಮಾಣದಲ್ಲಿ. ಮೀನಿಗೆ ಲೀಟರಿಗೆ 0.2 ಮಿಲಿಗ್ರಾಂ ತಾಮ್ರ, ಅದನ್ನೂ ದಿನಾ ಕಿಟ್‌ನಲ್ಲಿ ಅಳೆಯಬೇಕು. ನಮ್ಮ ಶೇಕಡಾ ಒಂದರ ಬೋರ್ಡೋದಲ್ಲಿ ಅದರ ಹತ್ತು ಸಾವಿರ ಪಟ್ಟಿಗೂ ಮೀರಿ ಇರುತ್ತದೆ. ಮೇಸ್ತ್ರಿ ಮಾತ್ರ ಅಂದಿನಿಂದ ಮೀನಿನ ಡಾಕ್ಟರು.

ಇಷ್ಟಾದರೂ ತಾಮ್ರವನ್ನು ದೊಡ್ಡ ತೊಟ್ಟಿಗೆ ಸುರಿಯುವಂತಿಲ್ಲ, ಸಿಗಡಿ, ಹವಳ ಎರಡೂ ಸತ್ತುಹೋಗುತ್ತವೆ. ಹಾಗಾಗಿ ಮೀನುಗಳೆಲ್ಲ ಈಗ ಅಡುಗೆಮನೆಯ ಪ್ಲಾಸ್ಟಿಕ್ ಟಬ್ಬಿನಲ್ಲಿ ಒಳರೋಗಿಗಳು. ಅಲ್ಲಿ ಅಕ್ಕಿ ತೊಳೆಯುವುದಕ್ಕೂ ನಾನು ಮೈದುನನ ಅಪ್ಪಣೆ ಕೇಳಬೇಕು. ಮರಳಿನಲ್ಲಿ ಅವಿತ ಪರಾವಲಂಬಿಯ ಮರಿಗಳು ಮೀನು ಸಿಗದೆ ಸಾಯಲಿ ಎಂದು ಹಾಲ್‌ನ ತೊಟ್ಟಿ ಎರಡು ತಿಂಗಳಿಗೂ ಹೆಚ್ಚು ಮೀನಿಲ್ಲದೆ ಇರಬೇಕಂತೆ.

ನಿನ್ನೆ ವಿರಾಜಪೇಟೆಯಿಂದ ನೆಂಟರು ಬಂದಿದ್ದರು. ದೀಪ ಉರಿಯುವ ಅಷ್ಟು ದೊಡ್ಡ ತೊಟ್ಟಿಯನ್ನು ಸುತ್ತಿ ಸುತ್ತಿ ನೋಡಿದ ಚಿಕ್ಕಪ್ಪನವರಿಗೆ ಕಂಡದ್ದು ಸಿಗಡಿಯೊಂದೇ.

“ಹುರಿಯೋದಕ್ಕೆ ಒಂದು ಸಾಲದಲ್ಲಮ್ಮ?” ಎಂದರು.