ಜಿಮ್ಮಿ ಹೋಗನ್ ಮತ್ತು ಮೂರು ಜೊತೆ ಕಾಲುಚೀಲ

ಫುಟ್‌ಬಾಲ್ ತರಬೇತುದಾರನೊಬ್ಬ ದೇಶ ಬಿಟ್ಟು ಹೋದರೆ, ಊರಿನಲ್ಲಿ ನಡೆಯದ ನಾಣ್ಯ ಹೊರಗೆ ಹೋಯಿತು ಎಂದು ಜನ ಸಲೀಸಾಗಿ ಹೇಳಿಬಿಡುತ್ತಾರೆ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಜಿಮ್ಮಿ ಹೋಗನ್ ನೆನಪಾಗುತ್ತಾರೆ. ಸಿಟ್ಟೂ ಬರುತ್ತದೆ.

ಹೋಗನ್ 1882ರಲ್ಲಿ ಇಂಗ್ಲೆಂಡಿನ ಲ್ಯಾಂಕಾಷೈರ್‌ನ ನೆಲ್ಸನ್ ಪಟ್ಟಣದಲ್ಲಿ ಹುಟ್ಟಿದರು. ಬರ್ನ್ಲಿ, ಫುಲಮ್, ಬೋಲ್ಟನ್ ಕ್ಲಬ್‌ಗಳಿಗೆ ಆಡಿದರು. ಆಟಗಾರರಾಗಿ ಅಂಥ ದೊಡ್ಡ ಹೆಸರೇನಲ್ಲ. ಬೋಲ್ಟನ್ ತಂಡದೊಂದಿಗೆ ಹಾಲೆಂಡ್ ಪ್ರವಾಸ ಹೋದಾಗ ಡಾರ್ಡ್ರೆಕ್ಟ್ ತಂಡವನ್ನು 10–0ರಿಂದ ಬಗ್ಗುಬಡಿದರು. ಅಷ್ಟಕ್ಕೇ ಬೀಗಿ ಮರೆತುಬಿಡಬಹುದಿತ್ತು. ಹೋಗನ್ ಮಾತ್ರ ಸೋತವರಿಗೆ ಆಟ ಕಲಿಸಬೇಕೆಂದು ಮನಸ್ಸು ಮಾಡಿ 1910ರಲ್ಲಿ ಅಲ್ಲಿಗೇ ಮರಳಿದರು.

ಆಗಿನ ಇಂಗ್ಲಿಷ್ ಕ್ಲಬ್‌ಗಳಲ್ಲಿ ತರಬೇತಿ ಎಂದರೆ ಮೈದಾನ ಸುತ್ತುವುದು. ವಾರವಿಡೀ ಚೆಂಡು ಕೊಡದಿದ್ದರೆ ಪಂದ್ಯದ ದಿನ ಆಟಗಾರನಿಗೆ ಅದರ ಹಸಿವು ಹೆಚ್ಚುತ್ತದೆ ಎಂಬ ನಂಬಿಕೆ ಬೇರೆ! ಹೋಗನ್ ಮೊದಲ ದಿನವೇ ಚೆಂಡನ್ನು ಕಾಲಿಗೆ ಒಪ್ಪಿಸುತ್ತಿದ್ದರು. ಅದನ್ನು ಪಳಗಿಸು, ನೆಲದ ಮೇಲೇ ಪಾಸ್ ಕೊಡು, ಕೊಟ್ಟ ಕೂಡಲೇ ಜಾಗ ಬದಲಿಸು. 1912ರಲ್ಲಿ ಆಸ್ಟ್ರಿಯಾ ಫುಟ್‌ಬಾಲ್‌ನ ಮುಂದಾಳು ಹ್ಯೂಗೋ ಮೈಸ್ಲ್, ಹೋಗನ್‌ರನ್ನು ವಿಯೆನ್ನಾಕ್ಕೆ ಕರೆಸಿಕೊಂಡದ್ದು ಇದಕ್ಕಾಗಿಯೇ.

ಎರಡು ವರ್ಷಕ್ಕೆ ಮಹಾಯುದ್ಧ ಬಂತು. ಶತ್ರುದೇಶದ ಪ್ರಜೆಯೆಂದು ಹೋಗನ್ ಬಂಧನಕ್ಕೊಳಗಾದರು. ಕೊನೆಗೆ ಹಂಗೇರಿಯ ಬುಡಾಪೆಸ್ಟ್‌ನ ಎಂಟಿಕೆ ಕ್ಲಬ್ ಅವರನ್ನು ಕರೆದುಕೊಂಡಿತು. ದೇಶ ಬಿಡುವಂತಿರಲಿಲ್ಲ, ಪೊಲೀಸರ ಮುಂದೆ ಹಾಜರಿ ತಪ್ಪುತ್ತಿರಲಿಲ್ಲ. ಅಂಥ ಅರೆಸೆರೆಯಲ್ಲೇ ಅವರು ಓರ್ಟ್, ಬ್ರೌನ್ ಎಂಬ ಹದಿಹರೆಯದ ಹುಡುಗರನ್ನು ತಿದ್ದಿ ಬೆಳೆಸಿದರು. ಎಂಟಿಕೆ 1917 ಮತ್ತು 1918ರಲ್ಲಿ ಲೀಗ್ ಗೆದ್ದಿತು. ಅವರು ಊರಿಗೆ ಹೊರಟ ಮೇಲೂ ಗೆಲ್ಲುತ್ತಲೇ ಹೋಯಿತು. ತರಬೇತುದಾರನನ್ನು ಅಳೆಯಲು ನನಗೆ ಇದಕ್ಕಿಂತ ನೆಚ್ಚಿನ ಅಳತೆಗೋಲಿಲ್ಲ.

ಯುದ್ಧ ಮುಗಿದಾಗ ಕೈ ಬರಿದಾಗಿತ್ತು. ಯುದ್ಧದಿಂದ ನೊಂದ ವೃತ್ತಿಪರ ಆಟಗಾರರಿಗೆ 200 ಪೌಂಡ್ ನೆರವಿದೆ ಎಂದು ಕೇಳಿ ಅವರು ಲಂಡನ್ನಿನ ಫುಟ್‌ಬಾಲ್ ಅಸೋಸಿಯೇಷನ್ ಬಾಗಿಲಿಗೆ ಹೋದರು. ಸಿಕ್ಕಿದ್ದು ಮೂರು ಜೊತೆ ಖಾಕಿ ಕಾಲುಚೀಲ. ರಣರಂಗದ ಹುಡುಗರು ಇವನ್ನೇ ಸಂತೋಷದಿಂದ ತೊಟ್ಟಿದ್ದರೆಂಬ ಮಾತೂ ಜೊತೆಗೆ ಸಿಕ್ಕಿತೆಂದು ಹೋಗನ್ ಹೇಳಿಕೊಂಡಿದ್ದಾರೆ. ಶತ್ರುವಿನ ನಾಡಿನಲ್ಲಿ ಹಾಯಾಗಿದ್ದವನು ಎಂಬ ತಿರಸ್ಕಾರ ಅದರಲ್ಲಿತ್ತು. ನೂರು ವರ್ಷ ಕಳೆದರೂ ಅದನ್ನು ಓದುವಾಗ ನನಗೆ ಗಂಟಲು ಕಟ್ಟುತ್ತದೆ.

ಪರದೇಶದಲ್ಲಿ ಭಾಷೆಯ ಕಷ್ಟ ಸಣ್ಣದಲ್ಲ. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಉಪನ್ಯಾಸ ಕೊಡುವಾಗ ಅವರ ತಪ್ಪು ಜರ್ಮನ್‌ಗೆ ಸಭೆ ನಕ್ಕಿತಂತೆ. ಹೋಗನ್ ಶೂ, ಕಾಲುಚೀಲ ಕಳಚಿ ಬರಿಗಾಲಿನಲ್ಲಿ ಒದ್ದ ಚೆಂಡಿಗೆ ಎದುರಿನ ಮರದ ಹಲಗೆ ಸೀಳಿತಂತೆ. ಆಮೇಲೆ ಯಾರು ವ್ಯಾಕರಣ ಕೇಳುತ್ತಾರೆ?

1934ರಲ್ಲಿ ಫುಲಮ್ ಅವರನ್ನು ಕರೆಯಿತು, ಒಂದು ಋತುವೂ ಇಟ್ಟುಕೊಳ್ಳಲಿಲ್ಲ. ಎರಡೇ ವರ್ಷಕ್ಕೆ, 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ, ಅವರು ತರಬೇತಿ ಕೊಟ್ಟ ಆಸ್ಟ್ರಿಯಾ ಬೆಳ್ಳಿ ಗೆದ್ದಿತು.

1953ರ ನವೆಂಬರ್ 25ರಂದು ವೆಂಬ್ಲಿಯಲ್ಲಿ ಹಂಗೇರಿ ಇಂಗ್ಲೆಂಡನ್ನು 6–3ರಿಂದ ಸೋಲಿಸಿತು. ನಮಗೆ ಗೊತ್ತಿರುವುದನ್ನೆಲ್ಲ ಕಲಿಸಿದವರು ಜಿಮ್ಮಿ ಹೋಗನ್ ಎಂದು ಹಂಗೇರಿ ಫುಟ್‌ಬಾಲ್ ಸಂಸ್ಥೆಯ ಶಾಂಡೋರ್ ಬಾರ್ಚ್ ಮುಕ್ತವಾಗಿ ಹೇಳಿದರು. ಸೋತವರಲ್ಲಿ ಕೆಲವರಿಗೆ ಅದು ದ್ರೋಹದಂತೆ ಕೇಳಿಸಿತು. 71 ವರ್ಷದ ಹೋಗನ್ ಅಂದು ಕ್ರೀಡಾಂಗಣದಲ್ಲೇ ಇದ್ದರು. ಆಸ್ಟನ್ ವಿಲ್ಲಾದ ಎಳೆಯ ಆಟಗಾರರನ್ನು ಆ ಆಟ ತೋರಿಸಲೆಂದು ಕರೆತಂದಿದ್ದರು.