ಬಜ್ಪೆಯ ಗುಡ್ಡದ ಮೇಲೆ ಚಕ್ರ ಎಲ್ಲಿ ತಾಗಬೇಕು

ಎಲ್ಲಿಯಾದರೂ ವಿಮಾನವೊಂದು ರನ್‌ವೇ ದಾಟಿ ಹೋಯಿತೆಂಬ ಸುದ್ದಿ ಬಂದರೆ ಸಾಕು, ನಮ್ಮ ಮಂಗಳೂರಿನವರ ಗುಂಪುಗಳಲ್ಲಿ ಮೂರು ಮಾತು ಖಾಯಂ. ‘ಬ್ರೇಕ್ ಫೇಲ್ ಆಗಿರಬೇಕು.’ ‘ನಮ್ಮ ಬಜ್ಪೆ ವಿಮಾನ ನಿಲ್ದಾಣದ ರನ್‌ವೇಯೂ ಗಿಡ್ಡವೇ ಅಲ್ಲವಾ.’ ವಿಮಾನ ಚಿಕ್ಕದಾಗಿದ್ದರೆ ಇನ್ನೊಂದು: ‘ಅಷ್ಟು ಸಣ್ಣ ವಿಮಾನಕ್ಕೆ ನಿಲ್ಲಲು ಎಷ್ಟು ಜಾಗ ಬೇಕು?’ 2025ರ ಸೆಪ್ಟೆಂಬರಿನಲ್ಲಿ ಅಮೆರಿಕದ ರೊನೋಕ್‌ನಲ್ಲಿ ಐವತ್ತು ಸೀಟಿನ ಎಂಬ್ರೇರ್ 145 ಮಳೆಯಲ್ಲಿ ರನ್‌ವೇ ದಾಟಿತು. ಆ ಸುದ್ದಿಯನ್ನು ಇಲ್ಲಿ ಕೂತು ಓದುವಾಗ ಈ ಮೂರು ಮಾತನ್ನೂ ಒಂದೊಂದಾಗಿ ಬಿಡಿಸಿ ನೋಡಬೇಕು ಅನ್ನಿಸಿತು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ರನ್‌ವೇ ದಾಟುವ ವಿಮಾನದ ಕಥೆ ಬಹುತೇಕ ಸಲ ಚಕ್ರ ನೆಲಕ್ಕೆ ತಾಗುವ ಮೊದಲೇ ಮುಗಿದಿರುತ್ತದೆ. ಹಾಗಾಗಿ ಇಳಿಯುವುದನ್ನು ಬಿಟ್ಟು ವಿಮಾನವನ್ನು ಮತ್ತೆ ಮೇಲಕ್ಕೆ ಎತ್ತುವ ಪೈಲಟ್‌ಗೆ ನಾವು ಬೈಯುವುದನ್ನು ನಿಲ್ಲಿಸಬೇಕು.

ಮೊದಲು ಉದ್ದದ ವಿಷಯ. ಬಜ್ಪೆಯ ಈಗಿನ ರನ್‌ವೇ ಶುರುವಾದದ್ದು 2006ರಲ್ಲಿ, ಉದ್ದ 2,450 ಮೀಟರ್. ನಿಯಮದ ಪ್ರಕಾರ ಜೆಟ್ ವಿಮಾನ ಒಣ ರನ್‌ವೇಯಲ್ಲಿ ಲಭ್ಯ ಉದ್ದದ ಶೇ. 60ರೊಳಗೆ, ಪ್ರೊಪೆಲ್ಲರಿನ ಟರ್ಬೊಪ್ರಾಪ್ ಶೇ. 70ರೊಳಗೆ ನಿಲ್ಲುವಂತಿದ್ದರೆ ಮಾತ್ರ ಹೊರಡಬೇಕು. ಇಳಿಯುವಲ್ಲಿ ರನ್‌ವೇ ಒದ್ದೆಯಾಗಿರಬಹುದು ಅಂತಾದರೆ ಇನ್ನೂ ಶೇ. 15 ಹೆಚ್ಚು ಉದ್ದ ಕೈಯಲ್ಲಿರಬೇಕು. 2,450 ಮೀಟರನ್ನೇ ಲೆಕ್ಕಕ್ಕೆ ಇಟ್ಟುಕೊಳ್ಳಿ: ಮಳೆಯ ದಿನ ಬರುವ ಜೆಟ್‌ನ ಒಣ ನೆಲದ ಲೆಕ್ಕ ಸುಮಾರು 1,278 ಮೀಟರಿನೊಳಗೆ ಮುಗಿಯಬೇಕು, ಎಟಿಆರ್‌ನಂಥ ಟರ್ಬೊಪ್ರಾಪ್‌ನದ್ದು ಸುಮಾರು 1,490 ಮೀಟರಿನೊಳಗೆ. ಕಾಗದದ ಮೇಲೆ ಜಾಗ ಧಾರಾಳ ಉಂಟು. ಆದರೆ ಈ ಲೆಕ್ಕಕ್ಕೆ ಒಂದು ಷರತ್ತು ಉಂಟು: ವಿಮಾನ ರನ್‌ವೇ ಆರಂಭದ ಬಿಳಿ ಪಟ್ಟೆಗಳನ್ನು 50 ಅಡಿ ಎತ್ತರದಲ್ಲಿ, ಸರಿಯಾದ ವೇಗದಲ್ಲಿ ದಾಟಿರಬೇಕು.

ಈಗ ಎಟಿಆರ್ 72 ತೆಗೆದುಕೊಳ್ಳಿ. ತುಂಬಿದ ವಿಮಾನ ಇಳಿಯುವ ವೇಗ ಸುಮಾರು 110 ನಾಟ್, ಅಂದರೆ ಸೆಕೆಂಡಿಗೆ 57 ಮೀಟರ್. ಮೆತ್ತಗೆ ಇಳಿಸಬೇಕೆಂದು ಐದು ಸೆಕೆಂಡ್ ನೆಲದ ಮೇಲೆ ತೇಲಿಸಿದರೆ 285 ಮೀಟರ್ ರನ್‌ವೇ ಹಿಂದೆ ಹೋಯಿತು. ಗಾಳಿಯಲ್ಲಿ ವೇಗ ಇಳಿಯುವುದು ಬಹಳ ನಿಧಾನ. ಆ ವೇಗವನ್ನು ತಿನ್ನುವುದು ನೆಲದ ಮೇಲೆ ಹಿಡಿಯುವ ಬ್ರೇಕ್. ಇನ್ನು ವೇಗ 10 ನಾಟ್ ಹೆಚ್ಚಿದ್ದರೆ? ನಿಲ್ಲುವ ದೂರ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ, ಶೇ. 19ರಷ್ಟು ಹೆಚ್ಚಾಯಿತು. ಅದರ ಮೇಲೆ ಹಿಂದಿನಿಂದ 10 ನಾಟ್ ಗಾಳಿಯೂ ಸೇರಿದರೆ ಶೇ. 40ರ ಹತ್ತಿರ. ಇವುಗಳಲ್ಲಿ ಯಾವುದೂ ಒಂದೊಂದಾಗಿ ನೋಡಿದರೆ ದೊಡ್ಡ ತಪ್ಪಲ್ಲ, ಮೂರೂ ಒಂದೇ ದಿನ ಕೂಡಿದಾಗಲೇ ಅಪಾಯ.

‘ಸಣ್ಣ ವಿಮಾನ ಬೇಗ ನಿಲ್ಲುತ್ತದೆ’ ಎನ್ನುವವರು ಎಟಿಆರ್ ನಿಲ್ಲುವ ಕ್ರಮವನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಜೆಟ್ ನೆಲ ಮುಟ್ಟಿದ ಕೂಡಲೇ ರೆಕ್ಕೆಯ ಮೇಲಿನ ಹಲಗೆಗಳು ಸಾಲಾಗಿ ಎದ್ದು ನಿಲ್ಲುತ್ತವಲ್ಲ, ರೆಕ್ಕೆಯ ಎತ್ತುವ ಶಕ್ತಿಯನ್ನು ಕೊಂದು ಭಾರವನ್ನು ಚಕ್ರಕ್ಕೆ ಹಾಕುವ ಸ್ಪಾಯ್ಲರ್‌ಗಳು, ಅವು ಎಟಿಆರ್‌ಗೆ ಇಲ್ಲ. ಅದರ ಸ್ಪಾಯ್ಲರ್ ಇರುವುದು ವಾಲಿಸಿ ತಿರುಗಿಸಲು ಮಾತ್ರ. ಇಲ್ಲಿ ಕೆಲಸ ಮಾಡಬೇಕಾದ್ದು ಪ್ರೊಪೆಲ್ಲರ್. ಚಕ್ರ ತಾಗಿದ ಮೇಲೆ ಪವರ್ ಲಿವರ್‌ಗಳನ್ನು ಗ್ರೌಂಡ್ ಐಡಲ್‌ಗೆ ಎಳೆಯುತ್ತಾರೆ. ಎಲೆಗಳು ಚಪ್ಪಟೆಯಾಗಿ ಗಾಳಿಗೆ ಎದುರು ನಿಂತು ಎರಡು ದೊಡ್ಡ ತಟ್ಟೆ ಹಿಡಿದ ಹಾಗೆ ಆಗುತ್ತದೆ. ಕಿಟಕಿ ಪಕ್ಕ ಕೂತವರಿಗೆ ಆ ಕ್ಷಣದಲ್ಲಿ ಸದ್ದು ಬದಲಾಗುವುದು ಸ್ಪಷ್ಟವಾಗಿ ಕೇಳುತ್ತದೆ. ಎಲೆಗಳು ಚಪ್ಪಟೆಯಾದದ್ದನ್ನು ತೋರಿಸುವ ಲೋ ಪಿಚ್ ದೀಪ ಕಾಕ್‌ಪಿಟ್‌ನಲ್ಲಿ ಎರಡೂ ಹತ್ತಿದ್ದನ್ನು ನೋಡಿಕೊಂಡೇ, ವಿಮಾನವನ್ನು ಹಿಂದಕ್ಕೆ ಜಗ್ಗುವ ರಿವರ್ಸ್ ಎಳೆಯಬೇಕು. ಒಂದೇ ಹತ್ತಿದರೆ ರಿವರ್ಸ್ ಮುಟ್ಟುವಂತಿಲ್ಲ. ಒಂದು ಬದಿ ಮಾತ್ರ ಹಿಂದಕ್ಕೆ ಜಗ್ಗಿ ವಿಮಾನ ಪಕ್ಕದ ಮಣ್ಣಿಗೆ ಇಳಿಯುತ್ತದೆ.

ಟೈರಿನ ವಿಷಯದಲ್ಲಂತೂ ಸಣ್ಣ ವಿಮಾನಕ್ಕೇ ನಷ್ಟ. ನೀರಿನ ಪದರದ ಮೇಲೆ ಟೈರು ತೇಲಲು ಶುರುವಾಗುವ ವೇಗಕ್ಕೆ ಹಳೆಯ ಸೂತ್ರವೊಂದಿದೆ: ಟೈರಿನ ಒತ್ತಡದ ವರ್ಗಮೂಲವನ್ನು 9ರಿಂದ ಗುಣಿಸಿ, ಉತ್ತರ ನಾಟ್‌ಗಳಲ್ಲಿ. ಬೋಯಿಂಗ್ 737 ಜೆಟ್‌ನ ಟೈರಿಗೆ ಸುಮಾರು 200 ಪಿಎಸ್‌ಐ, ಹಾಗಾಗಿ 127 ನಾಟ್. ಎಟಿಆರ್ ಟೈರಿಗೆ ಸುಮಾರು 120 ಪಿಎಸ್‌ಐ, ಅಂದರೆ ಬರೀ 99 ನಾಟ್. ಇಳಿಯುವಾಗ ಇನ್ನೂ ತಿರುಗದ ಚಕ್ರಕ್ಕೆ 9ರ ಬದಲು 7.7 ಹಾಕಬೇಕು, ಆಗ ಅದು 84ಕ್ಕೆ ಇಳಿಯುತ್ತದೆ. ತೇಲುವ ಟೈರಿಗೆ ಬ್ರೇಕ್ ಎಷ್ಟು ಒತ್ತಿದರೂ ಹಿಡಿತವಿಲ್ಲ. ಆಮೇಲೆ ನಾವು ಹೇಳುವುದು ‘ಬ್ರೇಕ್ ಫೇಲ್’! ಬ್ರೇಕ್ ಗಟ್ಟಿಯಾಗಿಯೇ ಇರುತ್ತದೆ, ಕಚ್ಚಲು ನೆಲ ಸಿಕ್ಕಿರುವುದಿಲ್ಲ. 2021ರ ನವೆಂಬರ್‌ನಿಂದ ಜಗತ್ತಿನಾದ್ಯಂತ ರನ್‌ವೇ ಸ್ಥಿತಿಯನ್ನು ಅಂಕಿಯಲ್ಲೇ ಹೇಳುವ ಕ್ರಮ ಬಂದಿದೆ: ಒಣಗಿದ್ದರೆ 6, ಒದ್ದೆಯಾಗಿದ್ದರೆ 5, ನೀರು 3 ಮಿಲಿಮೀಟರಿಗಿಂತ ಹೆಚ್ಚು ನಿಂತಿದ್ದರೆ ನೇರ 2. ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆ ಹೊಯ್ಯುವ ರೀತಿ ಗೊತ್ತಿರುವ ನಮಗೆ 5 ಮತ್ತು 2ರ ನಡುವೆ ಹತ್ತು ನಿಮಿಷದ ಅಂತರ ಸಾಕೆಂದು ಬೇರೆ ಹೇಳಬೇಕಾಗಿಲ್ಲ.

ನಮ್ಮ ಊರಿನಲ್ಲೇ ಇದು ಆಗಿದೆ. 1981ರ ಆಗಸ್ಟ್ 19ರಂದು ಇಂಡಿಯನ್ ಏರ್‌ಲೈನ್ಸ್‌ನ ಆವ್ರೋ ವಿಮಾನ ಹಳೆಯ ಗಿಡ್ಡ ರನ್‌ವೇಯಲ್ಲಿ, ಮಳೆಯಲ್ಲಿ, ಅಂಚು ದಾಟಿ ನಿಂತಿತು. ಆಗ ರಾಜ್ಯದ ಹಣಕಾಸು ಸಚಿವರಾಗಿದ್ದ ವೀರಪ್ಪ ಮೊಯ್ಲಿ ಅದರಲ್ಲಿದ್ದರು. ಯಾರೂ ಸಾಯಲಿಲ್ಲ, ಆದರೆ ವಿಮಾನ ಮತ್ತೆ ಹಾರಲಿಲ್ಲ.

2010ರ ಮೇ 22ರ ಬಜ್ಪೆ ದುರಂತಕ್ಕೆ ಮಳೆ ಕಾರಣವಲ್ಲ, ಗಿಡ್ಡ ರನ್‌ವೇಯೂ ಕಾರಣವಲ್ಲ. ದುಬೈಯಿಂದ ಬಂದ 737 ಇಳಿಯುವ ದಾರಿಯಲ್ಲಿ ಇರಬೇಕಾದ್ದಕ್ಕಿಂತ ಬಹಳ ಎತ್ತರದಲ್ಲಿತ್ತು. ಸಹ ಪೈಲಟ್ ಮೂರು ಸಲ ಮೇಲೆತ್ತಲು ಹೇಳಿದ್ದರು. ಚಕ್ರ ತಾಗಿದ್ದು ರನ್‌ವೇ ಆರಂಭದಿಂದ ಸುಮಾರು 5,200 ಅಡಿಯಲ್ಲಿ. ಉಳಿದದ್ದು 860 ಮೀಟರ್ ಚಿಲ್ಲರೆ. ಆಗಲೂ ರಿವರ್ಸ್ ಮತ್ತು ಪೂರ್ತಿ ಬ್ರೇಕ್ ಒಟ್ಟಿಗೆ ಹಾಕಿದ್ದರೆ 7,600 ಅಡಿಯಲ್ಲಿ ನಿಲ್ಲಬಹುದಿತ್ತೆಂದು ಬೋಯಿಂಗ್ ತನಿಖೆಗೆ ತಿಳಿಸಿತ್ತು. ರಿವರ್ಸ್ ಎಳೆದ ಮೇಲೆ ಮತ್ತೆ ಹಾರಲು ಯತ್ನಿಸಿದ್ದು ಕೊನೆಯ ತಪ್ಪು. ರಿವರ್ಸ್ ಎಳೆದರೆ ನಿಲ್ಲಲೇಬೇಕು, ಅದಕ್ಕೆ ವಿನಾಯಿತಿ ಇಲ್ಲ. 158 ಜನ ಹೋದರು, ಎಂಟು ಮಂದಿ ಉಳಿದರು. 2020ರ ಆಗಸ್ಟ್ 7ರಂದು ಕೋಝಿಕ್ಕೋಡ್‌ನಲ್ಲೂ ವಿಮಾನ ರನ್‌ವೇ ದಾಟಿತು: ಮಳೆ, ಹಿಂದಿನಿಂದ ಗಾಳಿ, 8,858 ಅಡಿಯ ರನ್‌ವೇಯಲ್ಲಿ 4,438 ಅಡಿ ಕಳೆದ ಮೇಲೆ ತಾಗಿದ ಚಕ್ರ.

ರನ್‌ವೇಯ ತುದಿಯ ಬಗ್ಗೆ ಮಾತ್ರ ನನಗೆ ನಿಜವಾದ ಚಿಂತೆ ಉಂಟು. ಅಂತರರಾಷ್ಟ್ರೀಯ ನಿಯಮದ ಪ್ರಕಾರ ರನ್‌ವೇ ಮುಗಿದ ಮೇಲೆ 60 ಮೀಟರ್ ಪಟ್ಟಿ, ಅದರಾಚೆ ಕನಿಷ್ಠ 90 ಮೀಟರ್ ಸುರಕ್ಷತಾ ಜಾಗ. ಶಿಫಾರಸು 240 ಮೀಟರ್. ಗುಡ್ಡದ ತಲೆ ಕಡಿದು ಮಾಡಿದ ನಿಲ್ದಾಣದಲ್ಲಿ ಆ 240 ಮೀಟರಿಗೆ ಕಣಿವೆ ತುಂಬಿಸಬೇಕಾಗುತ್ತದೆ. 2010ರಲ್ಲಿ ವಿಮಾನದ ಬಲರೆಕ್ಕೆ ಬಡಿದದ್ದು ಆ ಸುರಕ್ಷತಾ ಜಾಗವೂ ಮುಗಿದು 85 ಮೀಟರ್ ದೂರದಲ್ಲಿ, ವಿಮಾನಕ್ಕೆ ರನ್‌ವೇಯ ನೇರ ತೋರಿಸುವ ಲೋಕಲೈಸರ್ ಆಂಟೆನಾ ಹೊತ್ತಿದ್ದ ಕಾಂಕ್ರೀಟ್ ಕಟ್ಟೆಗೆ. 2024ರ ಡಿಸೆಂಬರ್‌ನಲ್ಲಿ ದಕ್ಷಿಣ ಕೊರಿಯಾದ ಮುವಾನ್‌ನಲ್ಲಿ 179 ಜನ ಸತ್ತದ್ದೂ ಅಂಥದೇ ಆಂಟೆನಾ ಹೊತ್ತ ಕಾಂಕ್ರೀಟ್ ದಿಬ್ಬಕ್ಕೆ ವಿಮಾನ ಬಡಿದು. ಬಡಿದರೆ ಮುರಿದು ಬೀಳುವಂತೆ ಕಟ್ಟಬೇಕಾದದ್ದನ್ನು ಗೋಡೆಯ ಹಾಗೆ ಕಟ್ಟಿದರೆ ಹೀಗಾಗುತ್ತದೆ.

ರೊನೋಕ್‌ನಲ್ಲಿ ಯಾಕೆ ಯಾರಿಗೂ ಗಾಯವಾಗಲಿಲ್ಲ? ಅಲ್ಲಿ ರನ್‌ವೇಯ ತುದಿಯಲ್ಲಿ ಇಮಾಸ್ ಹಾಸಿದ್ದರು. ಹಗುರ, ಪುಡಿಯಾಗುವ ಹಾಸು ಅದು. ಚಕ್ರ ಅದರೊಳಗೆ ಹೂತುಕೊಂಡು ವೇಗವನ್ನು ಕುಡಿದುಬಿಡುತ್ತದೆ. 70 ನಾಟ್ ವೇಗದಲ್ಲಿ ಬಂದ ವಿಮಾನವನ್ನೂ ನಿಲ್ಲಿಸುವಂತೆ ಅದನ್ನು ಲೆಕ್ಕ ಹಾಕಿ ಮಾಡುತ್ತಾರೆ. ಜಾಗವಿಲ್ಲದ ಕಡೆಗೆಂದೇ ಹುಟ್ಟಿದ ಉಪಾಯ. ಬಜ್ಪೆ ರನ್‌ವೇಯಲ್ಲಿ ಕೆಂಜಾರಿನ ಕಣಿವೆಯ ಮೇಲಿರುವ ತುದಿಗೆ ಇದಕ್ಕಿಂತ ಒಪ್ಪುವಂಥದ್ದು ನನಗೆ ಬೇರೆ ಕಾಣುವುದಿಲ್ಲ. ನಮ್ಮ ಜನಪ್ರತಿನಿಧಿಗಳು ರನ್‌ವೇ ಉದ್ದ ಮಾಡುವ ಮಾತು ಆಡುವಾಗಲೆಲ್ಲ ಇದನ್ನೂ ಕೇಳಬೇಕು.

ಮತ್ತೆ ಮೇಲೆತ್ತುವ ವಿಷಯಕ್ಕೆ ಬರುತ್ತೇನೆ. ಮೋಡದೊಳಗಾದರೆ 1,000 ಅಡಿಗೆ, ಕಣ್ಣಿಗೆ ರನ್‌ವೇ ಕಾಣುತ್ತಿದ್ದರೆ 500 ಅಡಿಗೆ ಬರುವಷ್ಟರಲ್ಲಿ ಚಕ್ರ, ಫ್ಲ್ಯಾಪ್, ವೇಗ, ಇಳಿಜಾರು ಎಲ್ಲ ಸರಿ ಕೂತಿರಬೇಕು. ಇಲ್ಲದಿದ್ದರೆ ಮೇಲೆತ್ತಬೇಕು. ಆದರೆ ಹೀಗೆ ಸರಿಯಿಲ್ಲದ ಇಳಿಕೆಗಳಲ್ಲಿ ಶೇ. 3ರಷ್ಟು ಮಾತ್ರ ಮೇಲಕ್ಕೆ ಹೋಗುತ್ತವೆ ಎಂದು ಫ್ಲೈಟ್ ಸೇಫ್ಟಿ ಫೌಂಡೇಶನ್ ಕಂಡುಕೊಂಡಿತು. ಉಳಿದವರು ಹೇಗಾದರೂ ಇಳಿಸುತ್ತಾರೆ, ಹೆಚ್ಚಿನ ಸಲ ಏನೂ ಆಗುವುದಿಲ್ಲ. ಏನೂ ಆಗದೆ ಇದ್ದದ್ದೇ ಅಭ್ಯಾಸವಾಗಿ ಗಟ್ಟಿಯಾಗುತ್ತದೆ. ಅದಕ್ಕೇ ಬಜ್ಪೆಯ ಮೇಲೆ ಎರಡು ಸುತ್ತು ಹಾಕಿ ವಿಮಾನ ಬೆಂಗಳೂರಿಗೆ ತಿರುಗಿದಾಗ ‘ಪೈಲಟ್‌ಗೆ ಇಳಿಸಲಿಕ್ಕೆ ಬರುವುದಿಲ್ಲ’ ಎಂದು ವಿಡಿಯೊ ಹಾಕಬೇಡಿ. ಇಂಧನ ಮುಗಿದೀತೆಂಬ ಹೆದರಿಕೆಯೂ ಬೇಡ. ಮತ್ತೊಂದು ನಿಲ್ದಾಣಕ್ಕೆ ಹೋಗುವಷ್ಟು, ಅಲ್ಲಿ ಹೋಗಿ 30 ನಿಮಿಷ ಸುತ್ತುವಷ್ಟು ಇಂಧನ ಹೊರಡುವಾಗಲೇ ತುಂಬಿಸಿರುತ್ತಾರೆ.